ಓದುಗರ ಪ್ರಶ್ನೆ, ನಮ್ಮ ಉತ್ತರ: ಕುದ್ರುವಿನ ಮನೆಗೆ ಸಂಸಾರ ಸಮೇತ

ಪ್ರಶ್ನೆ: ಮಾನ್ಯರೇ, ನಾವು ಮಂಗಳೂರಿನ ಕದ್ರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ಯಜಮಾನರ ಹುಟ್ಟೂರು ಉಡುಪಿ ತಾಲ್ಲೂಕಿನಲ್ಲಿ ಸ್ವರ್ಣಾ ನದಿಯ ನಡುವೆ ಇರುವ ಒಂದು ಸಣ್ಣ ಕುದ್ರು, ಅಂದರೆ ದ್ವೀಪ. ಅಲ್ಲಿ ಮೂವತ್ತರಷ್ಟು ಮನೆಗಳಿವೆ. ಸೇತುವೆ ಇಲ್ಲ, ದೋಣಿಯಲ್ಲಿಯೇ ದಾಟಬೇಕು. ಮಾವನವರು ತೀರಿಕೊಂಡ ಮೇಲೆ ಅಲ್ಲಿನ ಹಂಚಿನ ಮನೆಗೆ ಬೀಗ ಹಾಕಿದ್ದೇವೆ. ನಮ್ಮ ಜೊತೆಗಿರುವ ಅತ್ತೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಆದರೂ ಕೊನೆಗಾಲವನ್ನು ಅಲ್ಲಿಯೇ ಕಳೆಯಬೇಕೆಂಬುದು ಅವರ ಆಸೆ. ಯಜಮಾನರಿಗೆ ಈಗ ಮನೆಯಿಂದಲೇ ಕಂಪ್ಯೂಟರ್ ಕೆಲಸ. ಬರುವ ಜೂನ್ ತಿಂಗಳಿನಲ್ಲಿಯೇ ಎಲ್ಲರೂ ಅಲ್ಲಿಗೆ ಹೋಗಿ ನೆಲೆಸೋಣ ಎನ್ನುತ್ತಾರೆ. ಮಗಳು ನಾಲ್ಕನೇ ತರಗತಿಯಲ್ಲಿದ್ದಾಳೆ, ಮಗನಿಗೆ ನಾಲ್ಕು ವರ್ಷ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವಾರ ಇದ್ದು ಬಂದೆವು, ಮಕ್ಕಳು ಬಹಳ ಹಿಗ್ಗಿದರು. ನಾನು ಸಾಗರದ ಕಡೆಯವಳು, ತುಳು ಬಾರದು, ಇಲ್ಲಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನನಗೆ ಆ ಊರು ಇಷ್ಟವಾಗಿದೆ, ಆದರೆ ಧೈರ್ಯ ಸಾಲುತ್ತಿಲ್ಲ. ನಿರ್ಧರಿಸುವ ಮೊದಲು ಏನೇನು ನೋಡಬೇಕು?
— ಓದುಗಿ, ಕದ್ರಿ, ಮಂಗಳೂರು

ಉತ್ತರ: ನಿಮ್ಮ ಅಂಜಿಕೆ ಸಕಾರಣವಾದದ್ದು, ಅದನ್ನು ಮನೆಯವರ ಮುಂದೆ ಸ್ಪಷ್ಟವಾಗಿ ಹೇಳಿಕೊಳ್ಳಿ. ಕುದ್ರುವಿನಲ್ಲಿ ಬಾಳುವ ಪ್ರಶ್ನೆ ಬಂದಾಗ ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು, ದಿನಾಲೂ ನದಿ ದಾಟುವವರು ಯಾರು ಎಂಬುದನ್ನು. ನಿಮ್ಮ ಪತ್ರವನ್ನು ಓದಿದರೆ ಅದಕ್ಕೆ ಉತ್ತರ ಸಿಗುತ್ತದೆ. ಮನೆಯಿಂದಲೇ ದುಡಿಯುವ ನಿಮ್ಮ ಯಜಮಾನರು ವಾರದಲ್ಲಿ ಒಮ್ಮೆ ದಾಟಿದರೂ ಆದೀತು, ಅತ್ತೆಯವರು ತಿಂಗಳಿಗೊಮ್ಮೆ ವೈದ್ಯರನ್ನು ಕಾಣಲು ದಾಟಿಯಾರು. ಮಕ್ಕಳಿಬ್ಬರನ್ನು ಕರೆದುಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮಳೆಯಿರಲಿ ಬಿಸಿಲಿರಲಿ ದಾಟಬೇಕಾದವರು ನೀವು. ನಿಮ್ಮ ಈಗಿನ ಉದ್ಯೋಗವನ್ನು ಬಿಡಬೇಕಾದವರೂ ನೀವೇ. ಆದ್ದರಿಂದ ಈ ನಿರ್ಧಾರದಲ್ಲಿ ನಿಮ್ಮ ಮಾತಿಗೆ ಹೆಚ್ಚಿನ ತೂಕ ಇರಲೇಬೇಕು. ಮಕ್ಕಳನ್ನು ದಾಟಿಸುವ ಕೆಲಸದಲ್ಲಿ ಅರ್ಧವನ್ನು ತಾವು ಹೊರುತ್ತೇವೆಂದು ಯಜಮಾನರು ಒಪ್ಪಿ, ಅದಕ್ಕೆ ತಕ್ಕಂತೆ ತಮ್ಮ ಕೆಲಸದ ಹೊತ್ತನ್ನು ಹೊಂದಿಸಿಕೊಳ್ಳುವವರೆಗೆ ನೀವು ಹೂಂ ಎನ್ನಬೇಡಿ ಎಂಬುದು ನನ್ನ ಸಲಹೆ.

ಡಿಸೆಂಬರಿನಲ್ಲಿ ನೀವು ಕಂಡ ನದಿ ಶಾಂತವಾದದ್ದು. ಅದೇ ನದಿಯನ್ನು ಜುಲೈ ತಿಂಗಳಿನಲ್ಲಿ ನೋಡಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಹೋಗುತ್ತದೆ. ಘಟ್ಟದಿಂದ ಇಳಿದ ಕೆಂಪು ನೀರು ಸಮುದ್ರದ ಭರತಕ್ಕೆ ಎದುರಾದಾಗ ಹೊರಹೋಗಲು ದಾರಿಯಿಲ್ಲದೆ ಅಳಿವೆಯ ಸಮೀಪದ ಕುದ್ರುಗಳ ಅಂಚನ್ನು ಏರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಸ್ವರ್ಣಾ ಉಕ್ಕಿ ಉಡುಪಿಯ ಸುತ್ತಲಿನ ತಗ್ಗು ಪ್ರದೇಶಗಳು ಮುಳುಗಿದ್ದವು. ಆ ದಿನ ನಿಮ್ಮ ಮನೆಯ ಯಾವ ಮೆಟ್ಟಿಲಿನವರೆಗೆ ನೀರು ಬಂದಿತ್ತು ಎಂದು ನೆರೆಯವರನ್ನು ವಿಚಾರಿಸಿ. ಬೀಗ ಹಾಕಿದ ಮನೆಯಾದರೆ ಗೋಡೆಯ ಗಾರೆಯ ಮೇಲೆಯೇ ಗುರುತು ಉಳಿದಿರಬಹುದು. ಒಂದು ಪೂರ್ತಿ ಮಳೆಗಾಲವನ್ನು ಅಲ್ಲಿ ಕಳೆಯದೆ ಕದ್ರಿಯ ಮನೆಯನ್ನು ಬಿಟ್ಟುಕೊಡಬೇಡಿ, ಮಗಳ ವರ್ಗಾವಣೆ ಪತ್ರವನ್ನೂ ತೆಗೆಸಬೇಡಿ. ಈ ಜೂನ್‌ನಲ್ಲಿ ಯಜಮಾನರೂ ಅತ್ತೆಯವರೂ ಮೊದಲು ಹೋಗಲಿ, ನೀವೂ ಮಕ್ಕಳೂ ಶನಿವಾರ, ಭಾನುವಾರ ಹೋಗಿ ಬನ್ನಿ. ಎರಡು ಬಾಡಿಗೆಯ ಭಾರವಿಲ್ಲದಿರುವುದರಿಂದ ನಿಮಗೆ ಇದು ಸಾಧ್ಯವಿದೆ.

ಕಡವಿನ, ಅಂದರೆ ದೋಣಿಯಲ್ಲಿ ನದಿ ದಾಟುವ ಜಾಗದ, ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಅವು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಹೀಗಾಗಿ ಈ ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನೀರು ತುಂಬಿದ್ದು ದೋಣಿ ಮೆಟ್ಟಿಲಿಗೇ ತಾಗಿದರೆ, ಮುಂದಿನ ಸೋಮವಾರ ಅದೇ ಹೊತ್ತಿಗೆ ನೀರು ಇಳಿದು ದೋಣಿ ಕೆಸರಿನಾಚೆ ನಿಂತಿರುತ್ತದೆ. ಆಗ ಶಾಲೆಯ ಬೂಟನ್ನು ಚೀಲಕ್ಕೆ ಹಾಕಿ, ಸಮವಸ್ತ್ರವನ್ನು ಮೊಣಕಾಲಿನ ಮೇಲಕ್ಕೆತ್ತಿ, ಚಿಪ್ಪಿನ ಚೂರುಗಳಿಂದ ಕಾಲು ಕೊಯ್ಯದಂತೆ ರಬ್ಬರ್ ಚಪ್ಪಲಿ ಹಾಕಿಕೊಂಡು ಮಣ್ಣಿನಲ್ಲಿ ನಡೆದು ದೋಣಿ ಹತ್ತಬೇಕು. ಆಚೆ ದಡದಲ್ಲಿ ಕಾಲು ತೊಳೆಯಲು ಒಂದು ಬಾಟಲಿ ನೀರು, ಒರೆಸಲು ಒಂದು ಬೈರಾಸು ಇರಬೇಕು. ಕುದ್ರುವಿನ ತಾಯಂದಿರು ಇದನ್ನು ತಿಥಿ ನೋಡಿ ಲೆಕ್ಕ ಹಾಕುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತಿನ ದಿನಗಳಲ್ಲಿ ಏರಿಳಿತ ಹೆಚ್ಚು ಎಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ನೀವೂ ಕ್ಯಾಲೆಂಡರನ್ನು ಆ ಕಣ್ಣಿನಿಂದ ಓದಲು ಕಲಿಯುತ್ತೀರಿ.

ದೋಣಿ ಯಾರದು, ನಡೆಸುವವರು ಯಾರು, ಅವರಿಗೆ ಜ್ವರ ಬಂದ ದಿನ ಹುಟ್ಟು ಹಾಕುವವರು ಯಾರು, ಕತ್ತಲಾದ ಮೇಲೆ ಕರೆದರೆ ಬರುತ್ತಾರೆಯೇ ಎಂಬುದನ್ನೆಲ್ಲ ಈಗಲೇ ಕೇಳಿ ತಿಳಿದುಕೊಳ್ಳಿ. ಮಕ್ಕಳಿಬ್ಬರಿಗೂ ಅವರವರ ಅಳತೆಯ ಲೈಫ್ ಜಾಕೆಟ್ ಕೊಳ್ಳಿ. ಬೇರೆ ಮಕ್ಕಳು ಹಾಕುವುದಿಲ್ಲ ಎಂಬ ಕಾರಣಕ್ಕೆ ನಿಮ್ಮ ಮಕ್ಕಳಿಗೆ ವಿನಾಯಿತಿ ಬೇಡ. ಮಗಳಿಗೆ ಈಜು ಕಲಿಸುವ ಕೆಲಸವನ್ನು ಮಂಗಳೂರಿನಲ್ಲಿರುವಾಗಲೇ ಮುಗಿಸಿ. ಮಳೆಗಾಲದಲ್ಲಿ ಕಾಲುಸಂಕ (ತೋಡಿನ ಮೇಲಿನ ಕಿರುಸೇತುವೆ) ದಾಟುವಾಗ ಶಾಲೆಯ ಮಗು ನೀರುಪಾಲಾದ ದುಃಖವನ್ನು ಉಡುಪಿ ಜಿಲ್ಲೆ ಕಂಡಿದೆ. ಈ ವಿಷಯದಲ್ಲಿ ನಾನು ಯಾವ ರಾಜಿಯನ್ನೂ ಒಪ್ಪಲಾರೆ: ದೋಣಿ ನಡೆಸುವವರು ಇವತ್ತು ಬೇಡ ಎಂದರೆ ಅಂದು ಶಾಲೆಯಿಲ್ಲ.

ಮುಂದಿನದು ಕುಡಿಯುವ ನೀರು. ಸುತ್ತಲೂ ಉಪ್ಪು ನೀರಿರುವ ನೆಲದ ಅಡಿಯಲ್ಲಿ ಮಳೆಯ ಸಿಹಿನೀರು ಎಣ್ಣೆಯಂತೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಅದರ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರು ನಿಲ್ಲುತ್ತದೆ ಎಂಬುದು ಭೂಜಲ ಶಾಸ್ತ್ರದ ಲೆಕ್ಕ. ಇದರ ಇನ್ನೊಂದು ಮುಖವೆಂದರೆ, ಬಾವಿಗೆ ದೊಡ್ಡ ಪಂಪ್ ಇಟ್ಟು ಮಟ್ಟವನ್ನು ಒಂದು ಅಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಕ್ರಮೇಣ ಸುಮಾರು 40 ಅಡಿಯಷ್ಟು ಮೇಲೇರಬಹುದು. ನಗರದಿಂದ ಬಂದವರು ಮೊದಲು ಮಾಡುವ ಕೆಲಸವೇ ಪಂಪ್ ಮತ್ತು ಓವರ್‌ಹೆಡ್ ಟ್ಯಾಂಕ್; ಅದರಿಂದ ತಮ್ಮ ಬಾವಿಯ ಜೊತೆಗೆ ನೆರೆಮನೆಯ ಬಾವಿಯೂ ಉಪ್ಪಾಗುತ್ತದೆ. ಏಪ್ರಿಲ್ ಕೊನೆಯಲ್ಲಿ, ಹುಣ್ಣಿಮೆಯ ಭರತದ ದಿನ ನಿಮ್ಮ ಬಾವಿಯ ನೀರನ್ನು ಕುಡಿದು ನೋಡಿ, ಅದೇ ನೀರಿನಲ್ಲಿ ತೊಗರಿಬೇಳೆ ಬೇಯಿಸಿ ನೋಡಿ. ಬೇಳೆ ಕರಗದೆ ಗಟ್ಟಿಯಾಗಿ ಉಳಿದರೆ ಬೇಸಗೆಗೆ ಬೇರೆ ವ್ಯವಸ್ಥೆ ಬೇಕು ಎಂದರ್ಥ. ಪಂಚಾಯತ್ ನಳ್ಳಿಯ ಪೈಪು ಹೊಳೆ ದಾಟಿ ಬಂದಿದೆಯೇ, ಬಂದಿದ್ದರೆ ಮೇ ತಿಂಗಳಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ ಎಂದೂ ವಿಚಾರಿಸಿ.

ಮಳೆನೀರು ನಿಮ್ಮ ಕೈಯಲ್ಲಿಯೇ ಇರುವ ಪರಿಹಾರ. ಸಾವಿರ ಚದರ ಅಡಿಯ ಹಂಚಿನ ಮಾಡಿನ ಮೇಲೆ ನಮ್ಮ ಮಳೆಗೆ ಒಂದು ವರ್ಷದಲ್ಲಿ ಮೂರು ಲಕ್ಷ ಲೀಟರಿನಷ್ಟು ನೀರು ಇಳಿಯುತ್ತದೆ. ಐದು ಜನರ ಕುಡಿಯುವ ಮತ್ತು ಅಡುಗೆಯ ನೀರು ದಿನಕ್ಕೆ 50 ಲೀಟರ್ ಎಂದಿಟ್ಟುಕೊಂಡರೆ ಬೇಸಗೆಯ ನೂರು ದಿನಗಳಿಗೆ 5000 ಲೀಟರ್ ಸಾಕು. ಮೊದಲ ಕೆಲವು ಮಳೆಗಳ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಬೆಳಕು ಬೀಳದ ಟ್ಯಾಂಕಿನಲ್ಲಿ ತುಂಬಿಸಿಟ್ಟು, ಕುದಿಸಿ ಕುಡಿಯಿರಿ. ಉಳಿದ ನೀರು ಬಾವಿಯ ಸುತ್ತ ಇಂಗಲಿ. ಶೌಚಾಲಯಕ್ಕೆ ಇಂಗುಗುಂಡಿ ಮಾತ್ರ ಬೇಡ. ಜಲಮಟ್ಟ ಮೇಲೆಯೇ ಇರುವ ಕುದ್ರುವಿನಲ್ಲಿ ಗುಂಡಿಯ ಕೊಳೆ ನೇರವಾಗಿ ಬಾವಿಗೆ ಸೇರುತ್ತದೆ. ತಳ ಮುಚ್ಚಿದ, ಸೋರದ ಸೆಪ್ಟಿಕ್ ಟ್ಯಾಂಕನ್ನೇ ಕಟ್ಟಿಸಿ.

ಅತ್ತೆಯವರ ಆರೋಗ್ಯದ ಬಗ್ಗೆ: ಗಾಳಿಮಳೆಗೆ ವಿದ್ಯುತ್ ಕಂಬ ಉರುಳಿದರೆ ಕುದ್ರುವಿಗೆ ಕರೆಂಟ್ ಮರಳಲು ದಡದ ಊರಿಗಿಂತ ಹೆಚ್ಚು ಹೊತ್ತು ಬೇಕಾಗಬಹುದು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯ ಬೇಕು. ಬಳಕೆಗೆ ತೆಗೆದದ್ದು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಕೆ ಕೆಲವು ದಿನಗಳ ಮಟ್ಟಿಗೆ ಸಹಾಯಕ್ಕೆ ಬರುತ್ತದೆ. ನಿಮಗೆ ದೊಡ್ಡ ಅಪಾಯ ರಾತ್ರಿ ಸಕ್ಕರೆ ಅಂಶ ಒಮ್ಮೆಲೇ ಕುಸಿಯುವುದು, ಏಕೆಂದರೆ 108 ಆಂಬ್ಯುಲೆನ್ಸ್ ಬಂದರೂ ಆಚೆ ದಡದವರೆಗೆ ಮಾತ್ರ. ಗ್ಲೂಕೋಸ್ ಪುಡಿ, ಸಕ್ಕರೆ ಪರೀಕ್ಷಿಸುವ ಯಂತ್ರ, ದೋಣಿಗೆ ಎತ್ತಿ ಸಾಗಿಸಬಲ್ಲ ಗಟ್ಟಿ ಕುರ್ಚಿ ಇವು ಮನೆಯಲ್ಲಿರಲಿ. ಮಳೆಗಾಲದಲ್ಲಿ ಕೆಸರಿನಲ್ಲಿ ನಡೆದ ಮೇಲೆ ಜ್ವರ ಬಂದರೆ ಇಲಿಜ್ವರವಿರಬಹುದೆಂದು ಎಣಿಸಿ ಅಂದೇ ವೈದ್ಯರಿಗೆ ತೋರಿಸಿ. ಅತ್ತೆಯವರ ಕಾಲಿನಲ್ಲಿ ಗಾಯವಿದ್ದರೆ ಆ ನೀರಿಗೆ ಇಳಿಯಲೇಬಾರದು. ಇಷ್ಟಾದರೂ ಅವರ ಆಸೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಗುರುತಿನ ಮುಖಗಳ ನಡುವೆ ಬಾಳಬೇಕೆಂಬ ವೃದ್ಧರ ಹಂಬಲವನ್ನು ಔಷಧಿಯ ಪಟ್ಟಿಯೊಂದರಿಂದಲೇ ಅಳೆಯಲಾಗದು.

ಊರಿನವರು ನಿಮ್ಮನ್ನು ಸೇರಿಸಿಕೊಳ್ಳುವರೇ ಎಂಬ ಮಾತನ್ನು ನೀವು ಬರೆದಿಲ್ಲ, ಆದರೆ ತುಳು ಬಾರದು ಎಂಬ ನಿಮ್ಮ ಸಾಲಿನಲ್ಲಿ ಅದು ಇದೆ. ಮಕ್ಕಳು ಆಟದಲ್ಲಿಯೇ ತುಳು ಕಲಿಯುತ್ತಾರೆ; ನೀವು ತಪ್ಪುತಪ್ಪಾಗಿಯಾದರೂ ಮಾತನಾಡಿದರೆ ಅಲ್ಲಿಯ ಹೆಂಗಸರು ಸಂತೋಷದಿಂದ ತಿದ್ದುತ್ತಾರೆ. ಮೂವತ್ತು ಮನೆಗಳ ಊರಿನಲ್ಲಿ ನೆರವು ಕೇಳದೆ ಒಂದು ದಿನವೂ ಸಾಗುವುದಿಲ್ಲ. ತುಂಬಿದ ಅಡುಗೆ ಅನಿಲದ ಸಿಲಿಂಡರ್ ಹತ್ತಿರಹತ್ತಿರ 30 ಕಿಲೋ ತೂಗುತ್ತದೆ. ಅದನ್ನು ದೋಣಿಗೆ ಇಳಿಸಲು ಒಬ್ಬರು, ಮೇಲೆತ್ತಲು ಇನ್ನೊಬ್ಬರು ಬೇಕು. ಪೇಟೆಗೆ ಹೊರಟಾಗ ‘ನಿಮಗೇನಾದರೂ ತರಬೇಕೇ’ ಎಂದು ಪಕ್ಕದ ಮನೆಯಲ್ಲಿ ಕೇಳಿಯೇ ಹೊರಡಿ. ದೋಣಿ ರಿಪೇರಿಗೆ, ದಂಡೆಗೆ ಕಲ್ಲು ಕಟ್ಟಲು, ದೈವದ ನೇಮಕ್ಕೆ, ಚರ್ಚಿನ ಹಬ್ಬಕ್ಕೆ ಊರವರು ಕೂಡಿದಾಗ ಹಣಕ್ಕಿಂತ ಮೊದಲು ಕೈ ಕೊಡಿ. ಮೀನು ಒಣಗಿಸುವ ವಾಸನೆ, ರಾತ್ರಿಯ ಯಕ್ಷಗಾನದ ಚೆಂಡೆ, ಬಾಗಿಲು ತಟ್ಟದೆ ಒಳಬರುವ ನೆರೆಯವರು, ಇವೆಲ್ಲ ಅಲ್ಲಿಯ ಬದುಕಿನ ಭಾಗ. ನಿಮ್ಮ ಅತ್ತೆಯವರು ಆ ಊರಿನಲ್ಲಿ ಐವತ್ತು ವರ್ಷಗಳಿಂದ ಗಳಿಸಿದ ಸ್ನೇಹವೇ ನಿಮಗೆ ಸಿಗುವ ದೊಡ್ಡ ಆಸರೆ, ಆದ್ದರಿಂದ ಅವರು ಗಟ್ಟಿಯಾಗಿರುವಾಗಲೇ ಹೋಗುವುದರಲ್ಲಿ ಅರ್ಥವಿದೆ.

ಮಗಳ ಶಾಲೆಗೆ ಸಂತೆಕಟ್ಟೆ, ಕಲ್ಯಾಣಪುರದ ಕಡೆ ನೋಡಿ. ಏಳನೇ ತರಗತಿಯವರೆಗೆ ಹೇಗೋ ನಡೆಯುತ್ತದೆ. ಪ್ರೌಢಶಾಲೆಗೆ ಬಂದಾಗ ವಿಶೇಷ ತರಗತಿ ಮುಗಿಸಿ ಕತ್ತಲಲ್ಲಿ ಕಡವಿಗೆ ಬರುವ ಪ್ರಶ್ನೆ ಏಳುತ್ತದೆ. ಅಷ್ಟರಲ್ಲಿ ಮತ್ತೆ ಯೋಚಿಸುವೆವು ಎಂದು ಈಗಲೇ ಮನೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. ನಿಮಗೂ ಆ ಶಾಲೆಗಳಲ್ಲಿಯೇ ಕೆಲಸ ಸಿಕ್ಕಿದರೆ ಮಕ್ಕಳೊಂದಿಗೆ ದಾಟುವ ಹೊತ್ತು ನಿಮ್ಮ ದುಡಿಮೆಯ ಹೊತ್ತೂ ಆಗುತ್ತದೆ. ಅರ್ಜಿಯನ್ನು ಮಾರ್ಚ್‌ನಲ್ಲಿಯೇ ಹಾಕಿ. ಈ ಕೆಲಸ ಸಿಕ್ಕಿ, ಯಜಮಾನರೂ ಹೊಣೆ ಹಂಚಿಕೊಂಡು, ಮಳೆಗಾಲವೊಂದು ಕಳೆದರೆ ಧೈರ್ಯವಾಗಿ ಹೋಗಿ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ಮುಂಬಯಿಯಲ್ಲಿ ನಿವೃತ್ತನಾಗಿರುವ ನಾನು ಮಗ, ಸೊಸೆ, ಮೊಮ್ಮಗಳೊಂದಿಗೆ ಊರಿಗೆ ಮರಳಲು ಯೋಚಿಸಿದ್ದೇನೆ. ಗಂಗೊಳ್ಳಿಯ ಸಮೀಪ ಪಂಚಗಂಗಾವಳಿ ನದಿಯ ಕುದ್ರುವೊಂದರಲ್ಲಿ 20 ಸೆಂಟ್ಸ್ ಜಾಗ ಮಾರಾಟಕ್ಕಿದೆ. ಕೊಳ್ಳಬಹುದೇ?
— ಓದುಗರು, ಕುಂದಾಪುರ

ಉತ್ತರ: ಮುಂಗಡ ಕೊಡುವ ಮೊದಲು ಪಹಣಿ ನೋಡಿ. ತೋರಿಸಿದ 20 ಸೆಂಟ್ಸ್‌ನಲ್ಲಿ ವರ್ಗದ (ಸ್ವಂತ ಪಟ್ಟಾ) ಜಾಗ ಎಷ್ಟು, ಕುಮ್ಕಿ (ಅದಕ್ಕೆ ತಾಗಿದ, ಬಳಕೆಯ ಹಕ್ಕು ಮಾತ್ರ ಇರುವ ಸರ್ಕಾರಿ ಜಾಗ) ಎಷ್ಟು, ನದಿ ಪರಂಬೋಕು (ಹೊಳೆಗೆ ಸೇರಿದ ಸರ್ಕಾರಿ ಜಾಗ) ಎಷ್ಟು ಎಂಬುದು ಬೇರೆಬೇರೆಯಾಗಿ ಗೊತ್ತಾಗಬೇಕು. ಮಾರುವವರಿಗೆ ಮಾರುವ ಹಕ್ಕಿರುವುದು ಮೊದಲನೆಯದರ ಮೇಲೆ ಮಾತ್ರ. ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು 2020ರ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಅವಕಾಶ ಕೊಟ್ಟಿದೆ, ಆದರೆ ಮನೆ ಕಟ್ಟಲು ಭೂಪರಿವರ್ತನೆ ಆಗಲೇಬೇಕು. ಅದರ ಜೊತೆಗೆ ಕರಾವಳಿ ನಿಯಂತ್ರಣ ವಲಯದ ಅಡ್ಡಿಯಿದೆ. 2019ರ ಅಧಿಸೂಚನೆಯು ಹಿನ್ನೀರಿನ ದ್ವೀಪಗಳಲ್ಲಿ ಭರತದ ರೇಖೆಯಿಂದ 20 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿರ್ಬಂಧ ಹೇರಿದೆ. ಅಗಲ ಕಡಿಮೆಯಿರುವ ಜಾಗದಲ್ಲಿ ಎರಡೂ ಬದಿಯ ಈ ಅಂತರವನ್ನು ಕಳೆದರೆ ಮನೆಗೆ ಸ್ಥಳವೇ ಉಳಿಯದಿರಬಹುದು. ನಿಮ್ಮ ಸರ್ವೆ ನಂಬರಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಜಿಲ್ಲಾ ಕಚೇರಿಯಿಂದ ಬರಹದಲ್ಲಿ ಪಡೆಯಿರಿ.

ದಂಡೆ ಗಟ್ಟಿಯಾಗಿದೆಯೇ ಎಂಬುದು ಅಷ್ಟೇ ಮುಖ್ಯ. ಮಂಗಳೂರಿನ ಬಳಿ ನೇತ್ರಾವತಿಯ ಪಾವೂರು ಉಳಿಯದಲ್ಲಿ ಮರಳುಗಾರಿಕೆಯಿಂದ ದಂಡೆ ಕುಸಿದು ಜನರ ತೋಟ ಹೊಳೆಯ ಪಾಲಾಗಿದೆ. ನೀವು ನೋಡಿರುವ ಜಾಗದ ಸಮೀಪ ಮರಳು ತೆಗೆಯುವ ದೋಣಿಗಳು ನಿಂತಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಇಲ್ಲವಾದರೆ ಹುಣ್ಣಿಮೆಯ ಭರತದ ಹೊತ್ತಿಗೆ ಸರ್ವೆಯರರನ್ನು ಕರೆದೊಯ್ದು ಅಳತೆ ಮಾಡಿಸಿ. ಕಲ್ಲು, ಸಿಮೆಂಟ್, ಹಂಚು ಎಲ್ಲವನ್ನೂ ದೋಣಿಯಲ್ಲಿ ಸಾಗಿಸುವ ಕೂಲಿಯನ್ನು ಅಂದಾಜಿನಲ್ಲಿ ಸೇರಿಸಿ. ಮನೆಯಿಂದ ದೋಣಿ ನಿಲ್ಲುವ ಧಕ್ಕೆಯವರೆಗಿನ ಕಾಲುದಾರಿ ಬೇರೆಯವರ ತೋಟದ ಮೂಲಕ ಹಾದುಹೋಗುತ್ತಿದ್ದರೆ, ಆ ದಾರಿಯ ಹಕ್ಕನ್ನು ಅವರ ಒಪ್ಪಿಗೆ ಪಡೆದು ನೋಂದಾಯಿಸಿಕೊಂಡ ಮೇಲೆಯೇ ಕ್ರಯಪತ್ರಕ್ಕೆ ಸಹಿ ಹಾಕಿ.