ಡ್ಯೂಟಿ ಚಾರ್ಟ್ ಎಣಿಸಿದ ದಿನ

ಅಂಗಡಿ, ಶೋರೂಂ, ಪೆಟ್ರೋಲ್ ಬಂಕ್‌ಗಳಲ್ಲಿ ಪಾಳಿಯ ಮೇಲೆ ದುಡಿಯುವವರು ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಮೊದಲು ಹೇಳಿಕೊಳ್ಳುವುದು ನಿದ್ದೆ ಕೆಟ್ಟಿರುವುದನ್ನು, ಇಲ್ಲವೇ ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗುವುದನ್ನು. ಡ್ಯೂಟಿ ಚಾರ್ಟಿನ ಮಾತು ಬರುವುದು ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ, ಅದೂ ‘ಇದು ಎಲ್ಲ ಕಡೆ ಇರುವುದೇ ಬಿಡಿ ಮೇಡಂ’ ಎಂಬ ಪೀಠಿಕೆಯೊಂದಿಗೆ. ಈ ಪ್ರಕರಣವೂ ಹಾಗೆಯೇ ಶುರುವಾಯಿತು. ಇದನ್ನು ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ: ಇವರಿಗೆ ಕೊಟ್ಟ ಸಲಹೆಯ ಒಂದು ಭಾಗವನ್ನು ನಾನು ಈಗ ಯಾರಿಗೂ ಕೊಡುತ್ತಿಲ್ಲ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರ ವಯಸ್ಸು 38. ಜಿಲ್ಲಾ ಕೇಂದ್ರವೊಂದರ ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಬಹಳ ವರ್ಷಗಳಿಂದ ಕೆಲಸ. ಹೆಂಡತಿ, ಶಾಲೆಗೆ ಹೋಗುವ ಮಗಳು ಇರುವ ಮನೆ. ವೈದ್ಯರು ರಕ್ತದೊತ್ತಡ ಪರೀಕ್ಷಿಸಿ, ಮಾತ್ರೆಗಿಂತ ಮೊದಲು ಯಾರೊಡನಾದರೂ ಮಾತಾಡಿ ಎಂದು ಕಳಿಸಿದ್ದರು. ಕೌಂಟರಿನಲ್ಲಿ 7 ಜನ. ಬೆಳಗಿನ ಓಪನಿಂಗ್ ಪಾಳಿ 8ರಿಂದ 5, ಕ್ಲೋಸಿಂಗ್ ಪಾಳಿ ಮಧ್ಯಾಹ್ನ 1ರಿಂದ ರಾತ್ರಿ 10, ಎರಡರಲ್ಲೂ ಊಟಕ್ಕೆ ಒಂದು ಗಂಟೆ. ವಾರಕ್ಕೊಂದು ರಜೆ. ಮುಂದಿನ ವಾರದ ಚಾರ್ಟನ್ನು ಇನ್‌ಚಾರ್ಜ್ ಭಾನುವಾರ ರಾತ್ರಿ ಹಾಳೆಯ ಮೇಲೆ ಬರೆದು, ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತಾರೆ.

ಇವರ ದೂರು ಒಂದೇ ಸಾಲಿನದು. ‘ಕ್ಲೋಸಿಂಗ್ ಎಲ್ಲ ನನ್ನ ತಲೆಗೇ ಕಟ್ಟುತ್ತಾರೆ.’ ಅದರ ಜೊತೆಗೆ ಒಬ್ಬ ಸಹೋದ್ಯೋಗಿಯ ಮೇಲೆ ಕಡುಕೋಪ: ಅವನು ಇನ್‌ಚಾರ್ಜ್‌ಗೆ ಬೇಕಾದವನು, ಅವನಿಗೆ ಬೇಕಾದ ಪಾಳಿಯೇ ಸಿಗುತ್ತದೆ ಎಂದು. ಒಮ್ಮೆ ಗಿರಾಕಿಗಳ ಎದುರೇ ಜಗಳವಾಗಿ, ಇಬ್ಬರೂ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದೇ ಕೌಂಟರಿನ ಎರಡು ತುದಿಯಲ್ಲಿ ನಿಂತು, ಬೇಕಾದ ಪೈಪ್ ಫಿಟ್ಟಿಂಗನ್ನು ಮೂರನೆಯವರ ಮೂಲಕ ಕೇಳಿ ತರಿಸಿಕೊಳ್ಳುತ್ತಿದ್ದರು.

ಮೂರನೆಯ ಭೇಟಿಯಲ್ಲಿ, ಹಳೆಯ ಚಾರ್ಟುಗಳು ಫೋನಿನಲ್ಲಿ ಇವೆಯೇ ಎಂದು ಕೇಳಿದೆ. 11 ವಾರಗಳ ಫೋಟೋಗಳು ಸಿಕ್ಕವು. ನಾನು ಒಂದು ಹಾಳೆಯಲ್ಲಿ ಏಳು ಹೆಸರು ಬರೆದು, ಅವರು ಓದುತ್ತ ಹೋದಂತೆ ಗೀಟು ಹಾಕುತ್ತ ಹೋದೆ. ಆಪ್ತಸಲಹೆಯ ಕೊಠಡಿಯಲ್ಲಿ ಹೀಗೆ ದಿನಸಿ ಲೆಕ್ಕದವರಂತೆ ಕೂರುವುದು ನನಗೂ ಹೊಸತಾಗಿತ್ತು. ಅರ್ಧ ಅವಧಿ ಅದಕ್ಕೇ ಹೋಯಿತು.

ಒಟ್ಟು 66 ಕೆಲಸದ ದಿನಗಳಲ್ಲಿ ಅವರಿಗೆ ಬಂದಿದ್ದ ಕ್ಲೋಸಿಂಗ್ 33. ಅವರು ಮಾತು ಬಿಟ್ಟಿದ್ದ ಸಹೋದ್ಯೋಗಿಗೆ 34. ಉಳಿದವರದೂ ಹೆಚ್ಚುಕಡಿಮೆ ಅಷ್ಟೇ.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಆ ಗೀಟುಗಳನ್ನು ಬೆರಳಿಟ್ಟು ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನನ್ನು ನೋಡದೆ ಕೇಳಿದರು: ‘ಹಾಗಾದರೆ ನಾಲ್ಕು ತಿಂಗಳು ನಾನು ಅವನ ಹತ್ತಿರ ಮಾತು ಬಿಟ್ಟದ್ದು ಯಾಕೆ ಮೇಡಂ?’

ಇಲ್ಲಿಗೆ ನಿಲ್ಲಿಸಿದ್ದರೆ ಅವರು ತಮ್ಮ ದುಃಖವೇ ಸುಳ್ಳೆಂದುಕೊಂಡು, ನಾಚಿಕೆಯನ್ನು ಹೊತ್ತು ಮನೆಗೆ ಹೋಗುತ್ತಿದ್ದರು. ಆದರೆ ದೇಹ ಸುಳ್ಳು ಹೇಳಿರಲಾರದು ಎಂದು ನನಗೆ ಅನಿಸುತ್ತಿತ್ತು. ಆದ್ದರಿಂದ ಬೇರೆ ಬಣ್ಣದ ಪೆನ್ನು ತೆಗೆದುಕೊಂಡು, ಕ್ಲೋಸಿಂಗಿನ ಮರುದಿನವೇ ಓಪನಿಂಗ್ ಬಂದದ್ದು ಯಾರಿಗೆ ಎಷ್ಟು ಸಲ ಎಂದು ಎಣಿಸೋಣ ಎಂದೆ. ಇತರರಿಗೆ 3, 4, ಹೆಚ್ಚೆಂದರೆ 5. ಇವರಿಗೆ 19. ರಜೆ ಭಾನುವಾರ ಬಂದದ್ದು ಇತರರಿಗೆ ಒಂದರಿಂದ ಮೂರು ಸಲ, ಇವರಿಗೆ ಒಮ್ಮೆಯೂ ಇಲ್ಲ.

ಈ 19ರ ಅರ್ಥವೇನೆಂದು ಅವರೇ ವಿವರಿಸಿದರು. ಹತ್ತಕ್ಕೆ ಪಾಳಿ ಮುಗಿದರೂ ಕ್ಯಾಷ್ ಟ್ಯಾಲಿ ಮಾಡಿ ಶಟರ್ ಎಳೆಯುವಾಗ ಹತ್ತೂವರೆ. ಮನೆ ಸೇರಿ, ಉಂಡು, ಕಣ್ಣು ಮುಚ್ಚುವಾಗ ಹನ್ನೆರಡೂವರೆ. ಬೆಳಿಗ್ಗೆ ಎಂಟಕ್ಕೆ ಮತ್ತೆ ಅದೇ ಶಟರಿನ ಮುಂದೆ. ಎರಡು ಪಾಳಿಗಳ ನಡುವಿನ ಒಂಬತ್ತೂವರೆ ಗಂಟೆಯಲ್ಲೇ ದಾರಿ, ಊಟ, ನಿದ್ದೆ, ಸಂಸಾರ ಎಲ್ಲವೂ ಆಗಬೇಕು. ಅವರಿಗೇ ಯಾಕೆ ಎಂಬುದಕ್ಕೂ ಉತ್ತರ ಅವರ ಬಾಯಿಂದಲೇ ಬಂತು. ಮೇಸ್ತ್ರಿಗಳು, ಪ್ಲಂಬರ್‌ಗಳು ಸೈಟಿಗೆ ಹೋಗುವ ಮೊದಲು ಎಂಟೂವರೆಯ ಹೊತ್ತಿಗೆ ಮುಗಿಬೀಳುತ್ತಾರೆ. ಸಿಗರೇಟ್ ಪ್ಯಾಕಿನ ಹಿಂದೆ ಗೀಚಿದ ‘ಮುಕ್ಕಾಲು ಎಲ್ಬೋ, ಒಂದಿಂಚು ಟೀ’ ಎಂಬ ಚೀಟಿಯನ್ನು ಓದಿ ಎರಡು ನಿಮಿಷದಲ್ಲಿ ಸಾಮಾನು ಕಟ್ಟಿಕೊಡುವವರು ಇವರು. ರಾತ್ರಿ ಗಲ್ಲಾಪೆಟ್ಟಿಗೆಯ ವಿಷಯದಲ್ಲಿ ಮಾಲೀಕರಿಗೆ ನಂಬಿಕೆ ಇರುವುದೂ ಇವರ ಮೇಲೆಯೇ. ಹೀಗಾಗಿ ಇವರಿಗೆ ಕ್ಲೋಸಿಂಗ್ ಬಿದ್ದ ದಿನ ಕೀಲಿಕೈ ಇವರದೇ, ಮರುದಿನ ಬೆಳಿಗ್ಗೆಯೂ ಇವರೇ ಬೇಕು. ಇನ್‌ಚಾರ್ಜ್‌ಗೆ ದ್ವೇಷವಿರಲಿಲ್ಲ, ಅನುಕೂಲವಿತ್ತು.

ಆಪ್ತಸಲಹೆಗಾರರ ಕೆಲಸ ಮನಸ್ಸಿನದು, ಅಂಗಡಿಯ ಚಾರ್ಟಿನದಲ್ಲ ಎಂದು ಹೇಳುವವರಿದ್ದಾರೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಸ್ವಲ್ಪ ಖಾರವಾಗಿಯೇ ಹೇಳಿದರು. ನಾನು ಒಪ್ಪಲಾರೆ. ಇವರಿಗೆ ಉಸಿರಾಟದ ಅಭ್ಯಾಸ ಕಲಿಸಿ, ಮಲಗುವ ಮುನ್ನ ಫೋನ್ ನೋಡಬೇಡಿ ಎಂದು ಹೇಳಿ ಕಳಿಸಬಹುದಿತ್ತು. ಆದರೆ ವಾರಕ್ಕೆ ಎರಡು ಸಲ ನಿದ್ದೆಗೆ ಸಮಯವನ್ನೇ ಕೊಡದ ಪಾಳಿಯ ಮುಂದೆ ಅದು ಸೋರುವ ಪೈಪಿನ ಕೆಳಗೆ ಬಕೆಟ್ ಇಟ್ಟಂತೆ. ಅಂಕಿಗಳಿಲ್ಲದೆ ‘ಧೈರ್ಯವಾಗಿ ಮಾತಾಡಿ’ ಎಂದು ಹುರಿದುಂಬಿಸಿದ್ದರೆ ಇನ್ನೂ ಅನಾಹುತವಾಗುತ್ತಿತ್ತು: ಎಲ್ಲ ಕ್ಲೋಸಿಂಗ್ ನನಗೇ ಎಂದು ಇವರು ದೂರುತ್ತಿದ್ದರು, ಮಾಲೀಕರು ಚಾರ್ಟ್ ತೆರೆದು 33, 34 ತೋರಿಸುತ್ತಿದ್ದರು, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಕಾನೂನಿನ ದಾರಿಯನ್ನು ಯಾಕೆ ಹೇಳಲಿಲ್ಲ ಎಂದು ಕೇಳಬಹುದು. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯನ್ನು, 5 ಗಂಟೆಯ ಕೆಲಸದ ಬಳಿಕ ಒಂದು ಗಂಟೆಯ ವಿರಾಮವನ್ನು, ವಾರದ ರಜೆಯನ್ನು ಹೇಳುತ್ತದೆ. ರಾತ್ರಿಯ ಆ ಅರ್ಧ ಗಂಟೆಯನ್ನು ಬಿಟ್ಟರೆ ಈ ಅಂಗಡಿಯ ಚಾರ್ಟ್ ಎಲ್ಲದಕ್ಕೂ ಸರಿಹೊಂದುತ್ತದೆ. ಯುರೋಪಿನ ಒಕ್ಕೂಟದ 2003ರ ಕೆಲಸದ ಅವಧಿಯ ನಿರ್ದೇಶನವು ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆಗಳ ಬಿಡುವು ಇರಬೇಕೆನ್ನುತ್ತದೆ; ಎರಡು ಪಾಳಿಗಳ ನಡುವಿನ ಇವರ ಒಂಬತ್ತೂವರೆ ಗಂಟೆ ಕಡಿಮೆಯೆಂದು ಅಳೆಯಲು ನಾನು ಮನಸ್ಸಿನಲ್ಲಿಟ್ಟುಕೊಂಡ ಅಳತೆಗೋಲು ಅದು, ಆದರೆ ಅದು ಇಲ್ಲಿನ ಕಾನೂನಲ್ಲ.

ನಾನು ಹೇಳಿದ್ದು ಇಷ್ಟು. ಮಾಲೀಕರ ಬಳಿ ಹೋಗುವ ಮೊದಲು ಆ ಸಹೋದ್ಯೋಗಿಯ ಬಳಿ ಹೋಗಿ, ಹಾಳೆ ತೋರಿಸಿ, ತಪ್ಪಾಯಿತೆನ್ನಿ. ಆಮೇಲೆ ಮಾಲೀಕರನ್ನು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಂಡು, ಯಾರನ್ನೂ ದೂರದೆ ಮೂರು ಕೇಳಿಕೆ ಮುಂದಿಡಿ: ಚಾರ್ಟ್ ಗುರುವಾರವೇ ಸಿಗಬೇಕು, ಕ್ಲೋಸಿಂಗಿನ ಮರುದಿನ ನನಗೆ ಓಪನಿಂಗ್ ಬೇಡ, ತಿಂಗಳಿಗೊಂದು ಭಾನುವಾರ ಬೇಕು. ಎಲ್ಲರ ಪರವಾಗಿ ಮಾತಾಡಲು ಹೋದರೆ ಮುಖಂಡನಾಗಲು ಹೊರಟಿದ್ದಾನೆ ಎಂಬ ಹೆಸರು ಬಂದೀತು, ಆದ್ದರಿಂದ ನಿಮ್ಮ ಮಟ್ಟಿಗೆ ಮಾತ್ರ ಕೇಳಿ, ಬೇಕಾದವರು ಅವರವರೇ ಕೇಳಿಕೊಳ್ಳಲಿ ಎಂದೂ ಸೇರಿಸಿದೆ. ಆಗ ಅದು ನನಗೆ ಜಾಣತನದ ಮಾತಾಗಿಯೇ ಕಂಡಿತ್ತು.

ಸಹೋದ್ಯೋಗಿ ಹಾಳೆ ನೋಡಿ ನಕ್ಕನಂತೆ. ತನಗೆ 34 ಬಂದದ್ದು ಅವನಿಗೂ ಗೊತ್ತಿರಲಿಲ್ಲ. ಮಾಲೀಕರು ಮೊದಲ ಎರಡನ್ನು ಒಪ್ಪಿದರು. ಭಾನುವಾರ ಮನೆ ಕಟ್ಟಿಸುವವರು ಸಂಸಾರ ಸಮೇತ ಬಣ್ಣ, ನಲ್ಲಿ ಆರಿಸಲು ಬರುವ ದಿನವಾದ್ದರಿಂದ, ತಿಂಗಳಿಗೊಂದರ ಬದಲು ಎರಡು ತಿಂಗಳಿಗೊಂದು ಎಂದು ಚೌಕಾಸಿ ಮಾಡಿದರು. ನಿದ್ದೆ ಮೂರು ವಾರದಲ್ಲಿ ಹಳಿಗೆ ಬಂತು.

ಕೊನೆಯ ಭೇಟಿ ಮುಗಿದು ಚಪ್ಪಲಿ ಮೆಟ್ಟಿಕೊಳ್ಳುವಾಗ, ಈಗ ಕ್ಲೋಸಿಂಗಿನ ಮರುದಿನದ ಓಪನಿಂಗ್ ಯಾರಿಗೆ ಬೀಳುತ್ತದೆ ಎಂದು ಸುಮ್ಮನೆ ವಿಚಾರಿಸಿದೆ. ಹೊಸದಾಗಿ ಸೇರಿದ ಹುಡುಗನೊಬ್ಬನಿದ್ದಾನೆ, ಹಳ್ಳಿಯಿಂದ ಬಂದು ಅಂಗಡಿಯ ಹಿಂದಿನ ರೂಮಿನಲ್ಲೇ ಇರುತ್ತಾನೆ, ಹೆಚ್ಚಾಗಿ ಅವನಿಗೇ ಎಂದರು. ಅವನ ಪರವಾಗಿ ನೀವು ಒಂದು ಮಾತು ಆಡಬಹುದಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಯಾವ ಕುಹಕವೂ ಇಲ್ಲದೆ ಹೇಳಿದರು: ‘ಬೇಕಾದವರು ಅವರವರೇ ಕೇಳಿಕೊಳ್ಳಲಿ ಅಂತ ನೀವೇ ಅಂದಿದ್ದಿರಲ್ಲ ಮೇಡಂ?’