ಎರಡು ಊರು, ಒಂದು ಜರ್ಸಿ

ಪ್ರಶ್ನೆ: ಮಗಳು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಒಂದು ಸಣ್ಣ ಊರಲ್ಲಿ ನರ್ಸ್. ಶನಿವಾರ ಫೋನ್ ಮಾಡಿದರೆ ಹಿಂದೆ ಬರೀ ಕಾರಿನ ಹಾರನ್. ಕೇಳಿದರೆ ಫುಟ್ಬಾಲ್ ಮ್ಯಾಚ್ ಅನ್ನುತ್ತಾಳೆ. ಕ್ಲಬ್ಬಿಗೆ ಎರಡೆರಡು ಊರಿನ ಹೆಸರಂತೆ. ಏನಿದು ಕಥೆ?
– ಓದುಗರೊಬ್ಬರು, ಶಿರಸಿ

ಉತ್ತರ: ಗಾಬರಿ ಬೇಡ. ಮೈದಾನದ ಸುತ್ತ ಕಾರು ನಿಲ್ಲಿಸಿ, ಚಳಿ ಅಂತ ಒಳಗೇ ಕೂತು ಮ್ಯಾಚ್ ನೋಡುತ್ತಾರೆ. ತಮ್ಮವರು ಗೋಲು ಹೊಡೆದರೆ ಚಪ್ಪಾಳೆ ಇಲ್ಲ, ಹಾರನ್ನೇ.

ಈ ಆಟ ಅವರದ್ದೇ, ಹೆಸರು ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್. 1858ರಲ್ಲಿ ಟಾಮ್ ವಿಲ್ಸ್ ಎಂಬ ಕ್ರಿಕೆಟಿಗ ಪತ್ರಿಕೆಗೆ ಒಂದು ಕಾಗದ ಬರೆದ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ನೆ ಕೂತು ಮೈ ಜಡವಾಗಿಸಿಕೊಳ್ಳುವ ಬದಲು ಒಂದು ಫುಟ್ಬಾಲ್ ಕ್ಲಬ್ ಮಾಡಿಕೊಳ್ಳಲಿ ಅಂತ. 1859ರ ಮೇನಲ್ಲಿ ಮೆಲ್ಬರ್ನ್ ಕ್ಲಬ್ಬಿನವರು ನಿಯಮ ಬರೆದರು. ಅಲ್ಲಿಂದ ಆಟ ಬಲ್ಲಾರಟ್, ಬೆಂಡಿಗೋದಂಥ ಚಿನ್ನದ ಗಣಿ ಊರುಗಳಿಗೆ ಹೋಯಿತು, ಆಮೇಲೆ ಗೋಧಿ ಬೆಳೆಯುವ ಹಳ್ಳಿಗಳಿಗೆ.

ಈಗ ಆ ಜೋಡಿ ಹೆಸರಿನ ವಿಷಯ. ಬರ್ಚಿಪ್–ವಾಚೆಮ್ ಅಂತ ಒಂದು ಕ್ಲಬ್ ಇದೆ, ಸೀ ಲೇಕ್–ನ್ಯಾಂಡಲಿ ಅಂತ ಇನ್ನೊಂದು. ಮೊದಲು ಬೇರೆ ಬೇರೆ ಇದ್ದವು, ಒಬ್ಬರನ್ನೊಬ್ಬರು ಸೋಲಿಸಲೆಂದೇ ವಾರವಿಡೀ ಕಾಯುತ್ತಿದ್ದ ಅಕ್ಕಪಕ್ಕದ ಊರುಗಳು. ದೊಡ್ಡ ದೊಡ್ಡ ಯಂತ್ರ ಬಂದ ಮೇಲೆ ಹೊಲಕ್ಕೆ ಜನ ಬೇಡವಾದರು, ಸಣ್ಣ ಜಮೀನುಗಳು ಒಂದೊಂದಾಗಿ ದೊಡ್ಡವರ ಪಾಲಾದವು, ಹುಡುಗರು ಪೇಟೆ ಸೇರಿದರು. ಕಣಕ್ಕಿಳಿಯಲು 18 ಜನ ಬೇಕು, ಬದಲಿ ಆಟಗಾರರಾಗಿ ಇನ್ನೂ ಕೆಲವರು. ಅದರ ಜೊತೆ ಎರಡನೇ ತಂಡ, ಮಕ್ಕಳ ತಂಡ, ಹೆಂಗಸರ ನೆಟ್‌ಬಾಲ್ (ಬ್ಯಾಸ್ಕೆಟ್‌ಬಾಲಿನಂಥ ಆಟ). ಎಲ್ಲಾ ಒಂದೇ ಕ್ಲಬ್, ಒಂದೇ ದಿನ. ಎಲ್ಲಿಂದ ತರುವುದು ಹೇಳಿ! ಅದಕ್ಕೇ ಎರಡು ಊರಿನವರು ಸೇರಿ ಒಂದೇ ಕ್ಲಬ್ ಮಾಡಿಕೊಂಡರು, ಹೆಸರು ಎರಡೂ ಉಳಿಯಿತು.

ನಮ್ಮ ಕಡೆಯದೂ ಇದೇ ಪಾಡು ಅಲ್ವಾ? ನಮ್ಮೂರಲ್ಲಿ ಅಡಿಕೆ ಸುಗ್ಗಿ ಮುಗಿದ ಮೇಲೆ ರಾತ್ರಿ ಟ್ಯೂಬ್‌ಲೈಟ್ ಕಟ್ಟಿ ವಾಲಿಬಾಲ್ ನಡೆಯುತ್ತಿತ್ತು. ಈಗ ಹುಡುಗರೆಲ್ಲ ಬೆಂಗಳೂರು. ನೆಟ್ಟು ನಮ್ಮನೆ ಅಟ್ಟದ ಮೇಲಿದೆ, ಒಂದು ತುದಿಯನ್ನು ಇಲಿ ಕಡಿದು ಹಾಕಿದೆ. ಆರು ಜನಕ್ಕೇ ತತ್ವಾರ. ಆದರೂ ಪಕ್ಕದ ಊರಿನವರ ಜೊತೆ ಸೇರೋಣ ಅಂತ ಯಾರೂ ಬಾಯಿ ಬಿಡಲಿಲ್ಲ.

ಅಲ್ಲಿಯವರೂ ಸುಲಭಕ್ಕೆ ಒಪ್ಪುವುದಿಲ್ಲ. ಯಾರ ಊರಿನ ಹೆಸರು ಮೊದಲು, ಜರ್ಸಿಗೆ ಯಾವ ಬಣ್ಣ, ಮ್ಯಾಚ್ ಯಾರ ಮೈದಾನದಲ್ಲಿ, ಇದಕ್ಕೆ ನಡೆಯುವ ಜಗಳ ಆಸ್ತಿ ಪಾಲಿಗಿಂತ ಜಾಸ್ತಿ. ಕಡೆಗೆ ಎಷ್ಟೋ ಕಡೆ ಒಂದು ವಾರ ಇಲ್ಲಿ, ಇನ್ನೊಂದು ವಾರ ಅಲ್ಲಿ ಅಂತ ರಾಜಿ ಆಗುತ್ತದೆ. ಮಗಳ ಹತ್ತಿರ ಒಂದು ಮಾತು ಕೇಳಿ ನೋಡಿ: ಅವಳಿರುವ ಊರಿನ ಹೆಸರು ಮೊದಲಿದೆಯೋ, ಎರಡನೆಯದೋ?

ಪ್ರಶ್ನೆ: ಅವರು ಆಡುವುದೂ ನಮ್ಮ ಫುಟ್ಬಾಲೇನಾ? ಮಳೆಯಲ್ಲಿ ಏನು ಮಾಡುತ್ತಾರೆ? ಜುಲೈನಲ್ಲಿ ನಮ್ಮ ಮೈದಾನ ಗದ್ದೆ ಆಗಿರುತ್ತದೆ.
– ಇನ್ನೊಬ್ಬರು, ಕಾರವಾರ

ಉತ್ತರ: ಅಲ್ಲ. ಚೆಂಡು ಮೊಟ್ಟೆ ಆಕಾರ, ಮೈದಾನವೂ ಹಾಗೇ. ಗೋಲಿಗೆ ನಾಲ್ಕು ಕಂಬ. ನಡುವಿನೆರಡರ ಮಧ್ಯೆ ಒದ್ದರೆ 6 ಅಂಕ, ಪಕ್ಕದಲ್ಲಿ ಹೋದರೆ 1. ಮಳೆಗೆ ಆಟ ನಿಲ್ಲುವುದಿಲ್ಲ. ಟಾಸ್ಮೇನಿಯಾದ ಕ್ವೀನ್ಸ್‌ಟೌನ್ ಅನ್ನುವ ತಾಮ್ರದ ಗಣಿ ಊರಲ್ಲಂತೂ ವಿಪರೀತ ಮಳೆ, ಅಲ್ಲಿನ ಮೈದಾನದಲ್ಲಿ ಹುಲ್ಲೇ ಇಲ್ಲ, ಬರೀ ಜಲ್ಲಿ. ಬಿದ್ದರೆ ಮೊಣಕಾಲು ಕಿತ್ತು ಬರುತ್ತದೆ. ನಿಮ್ಮ ಗದ್ದೆಯೇ ವಾಸಿ.