ರಮ್ ಪೀಪಾಯಿಯ ರೆಪೊಸಾಡೊ ಟಕೀಲಾ ಸವಿಯಲು ಪಕ್ಕದಲ್ಲಿ ರಮ್ ಬೇಡ, ಬ್ಲಾಂಕೊ ಇರಲಿ

ಮೇಲೆ ಹೊಸ ಬಾಟಲಿ ಬಗ್ಗೆ ಬರೆದ ಗೆಳೆಯರಿಗೆ ಈ ಉತ್ತರ. ರಮ್ ಪೀಪಾಯಿಯಲ್ಲಿ ಮಾಗಿಸಿದ ರೆಪೊಸಾಡೊ, ಅಂದರೆ ಕೆಲವು ತಿಂಗಳು ಓಕ್ ಮರದಲ್ಲಿಟ್ಟ ಟಕೀಲಾ, ತಂದಿದ್ದೀರಿ. ಫ್ರೀಜರ್‌ನಲ್ಲಿ ಇಟ್ಟಿದ್ದೀರಿ. ಹೋಲಿಸಿ ನೋಡೋಣ ಅಂತ ಮೊದಲು ಓಲ್ಡ್ ಮಾಂಕ್ ಕುಡಿದು, ಆಮೇಲೆ ಇದನ್ನು ಉಪ್ಪು, ನಿಂಬೆಹಣ್ಣಿನ ಜೊತೆ ಶಾಟ್ ಹೊಡೆದಿದ್ದೀರಿ. ಕೊನೆಗೆ "ಅತ್ತ ರಮ್ಮೂ ಅಲ್ಲ, ಇತ್ತ ಟಕೀಲಾನೂ ಅಲ್ಲ, ದುಡ್ಡು ದಂಡ" ಅಂತ ಬರೆದಿದ್ದೀರಿ. ಬಾಟಲಿಯದ್ದು ತಪ್ಪಿಲ್ಲ. ರಮ್ ಮೊದಲು, ಟಕೀಲಾ ಆಮೇಲೆ ಅನ್ನೋ ಈ ಕ್ರಮದಲ್ಲೇ ನಾವೂ ಶುರುವಿನಲ್ಲಿ ಕುಡಿಯುತ್ತಿದ್ದೆವು. ಅದಕ್ಕೇ ಓದಿದ ಕೂಡಲೇ ಬರೆಯಲು ಕೂತೆ.

ಓಲ್ಡ್ ಮಾಂಕ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅದರ ಸಿಹಿ, ವೆನಿಲಾ ಎಲ್ಲ ನಾಲಿಗೆ ಮೇಲೆ ಕೂತ ಮೇಲೆ ರೆಪೊಸಾಡೊದಲ್ಲಿರುವ ತೆಳು ಸಿಹಿ ಗೊತ್ತೇ ಆಗುವುದಿಲ್ಲ. ಉಳಿದದ್ದು ಮಾತ್ರ ಕಾಣುತ್ತದೆ: ಖಾರ, ಕಹಿ, ಗಂಟಲ ಉರಿ. ರಮ್ ಪೀಪಾಯಿ ಕೊಟ್ಟ ರುಚಿಯನ್ನೇ ನೀವು ಮೊದಲು ಅಳಿಸಿ, ಆಮೇಲೆ ಹುಡುಕಿದ್ದೀರಿ. ಇನ್ನು ಫ್ರೀಜರ್. ಪೀಪಾಯಿಯಿಂದ ಬರುವ ಹಣ್ಣಿನ ವಾಸನೆ ಆವಿಯಾಗಿ ಮೂಗಿಗೆ ಬಂದರೆ ತಾನೇ ಸಿಗೋದು? ಅಷ್ಟು ತಣ್ಣಗಿದ್ದರೆ ಮೇಲೆ ಏಳುವುದೇ ಇಲ್ಲ. ಬೆಂಗಳೂರು, ಮೈಸೂರಿನ ಮಾಮೂಲಿ ದಿನದ ಬಿಸಿಯೇ ಸಾಕು. ರಾಯಚೂರಿನ ಬೇಸಿಗೆಯಾದರೆ ಬಾಟಲಿಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿ ಇಡಿ, ಅಷ್ಟೇ. ಉಪ್ಪು, ನಿಂಬೆ ಬಗ್ಗೆ ಹೇಳಲೇಬೇಕಾ? ಪೂರ್ತಿ ಅಗಾವೆಯಿಂದಲೇ (ಮೆಕ್ಸಿಕೊದ ಕತ್ತಾಳೆ ಜಾತಿಯ ಗಿಡ) ಮಾಡಿದ 100% ಅಗಾವೆ ಟಕೀಲಾಗೆ ಅದು ಬೇಡ.

ನನಗೆ ಕೈಹಿಡಿದ ಕ್ರಮ ಹೇಳುತ್ತೇನೆ. ಮೂರು ಗ್ಲಾಸ್ ಇಡಿ. ಒಂದರಲ್ಲಿ ಅದೇ ಬ್ರ್ಯಾಂಡಿನ ಬ್ಲಾಂಕೊ (ಸಾಮಾನ್ಯವಾಗಿ ಪೀಪಾಯಿಯಲ್ಲಿ ಮಾಗಿಸದ ಬಿಳಿ ಟಕೀಲಾ), ಎರಡನೆಯದರಲ್ಲಿ ಅದೇ ಬ್ರ್ಯಾಂಡಿನ ಮಾಮೂಲಿ ರೆಪೊಸಾಡೊ, ಮೂರನೆಯದರಲ್ಲಿ ರಮ್ ಪೀಪಾಯಿಯದ್ದು. ಒಂದೊಂದರಲ್ಲೂ 15 ಮಿ.ಲೀ. ಸಾಕು. ಮೂರನ್ನೂ ಒಟ್ಟಿಗೆ ಸುರಿದು ಹತ್ತು ನಿಮಿಷ ಸುಮ್ನೆ ಬಿಡಿ. ಕುಡಿಯಬೇಡಿ. ಎಡದಿಂದ ಬಲಕ್ಕೆ ಮೂಸುತ್ತಾ ಹೋಗಿ, ಮತ್ತೆ ಬಲದಿಂದ ಎಡಕ್ಕೆ ಬನ್ನಿ. ಈ ವಾಪಸ್ ಬರುವ ಸುತ್ತು ತುಂಬಾ ಮುಖ್ಯ. ಬ್ಲಾಂಕೊದಲ್ಲಿ ಬೇಯಿಸಿದ ಅಗಾವೆ, ಕರಿಮೆಣಸು, ನಿಂಬೆ ಸಿಪ್ಪೆ, ಸ್ವಲ್ಪ ಉಪ್ಪುನೀರಿನ ವಾಸನೆ ಇರುತ್ತದೆ. ಎರಡನೆಯದರಲ್ಲಿ ಅದರ ಮೇಲೆ ವೆನಿಲಾ, ಚಕ್ಕೆ ಬಂದಿರುತ್ತವೆ. ಮೂರನೆಯದರಲ್ಲಿ ಕಳಿತ ಬಾಳೆಹಣ್ಣು, ಅನಾನಸ್ ಸಿಪ್ಪೆ, ಒಣದ್ರಾಕ್ಷಿ, ಜೋನಿ ಬೆಲ್ಲ, ಇವುಗಳಲ್ಲಿ ಯಾವುದಾದರೂ ಒಂದೆರಡು ಸಿಗಬೇಕು. ಎರಡಕ್ಕೂ ಮೂರಕ್ಕೂ ಇರುವ ಆ ವ್ಯತ್ಯಾಸವೇ ರಮ್ ಪೀಪಾಯಿಯ ಕೊಡುಗೆ. ಪಕ್ಕದಲ್ಲಿ ಬರೀ ರಮ್ ಇಟ್ಟರೆ ಈ ವ್ಯತ್ಯಾಸ ಯಾವತ್ತೂ ಕಾಣುವುದಿಲ್ಲ.

ಆಮೇಲೆ ಗುಟುಕು. ಮೊದಲ ಗುಟುಕು ಕಡಲೆಕಾಳಿನಷ್ಟು, ಬಾಯಿ ಒಗ್ಗಲಿ ಅಂತ. ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದನ್ನು ನಾಲಿಗೆ ಮೇಲೆ ಸ್ವಲ್ಪ ಹೊತ್ತು ಹಿಡಿದು, ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಮೊದಲು ಸಿಹಿ ಬರುತ್ತದೆ. ಅದು ಇಳಿದ ಮೇಲೆ ಏನು ಬರುತ್ತದೆ ನೋಡಿ. ಮೆಣಸು, ಹಸಿರು ಕಹಿ, ಬೇಯಿಸಿದ ಅಗಾವೆ ಮತ್ತೆ ಎದ್ದು ಬಂದರೆ ಒಳ್ಳೆ ಬಾಟಲಿ. ಸಿಹಿಯಲ್ಲೇ ಶುರುವಾಗಿ ಸಿಹಿಯಲ್ಲೇ ಮುಗಿದರೆ ಪೀಪಾಯಿ ಗೆದ್ದಿದೆ, ಅಗಾವೆ ಸೋತಿದೆ. ಐದಾರು ವರ್ಷಕ್ಕೂ ಜಾಸ್ತಿ ಹೊಲದಲ್ಲಿ ಬೆಳೆದ ಗಿಡ ಅದು. ಅದರ ರುಚಿಯೇ ಇಲ್ಲದಿದ್ದರೆ ಟಕೀಲಾ ಯಾಕೆ ಬೇಕು ಹೇಳಿ?

ಅದೇ ಬ್ರ್ಯಾಂಡಿನ ಬ್ಲಾಂಕೊ ಸಿಗದಿದ್ದರೆ? ಲೇಬಲ್ ಮೇಲೆ ಡಿಸ್ಟಿಲರಿ ಯಾವುದು ಅಂತ ಹೇಳುವ ನೋಮ್ (NOM) ಸಂಖ್ಯೆ ಇರುತ್ತದೆ, ಅದನ್ನು ನೋಡಿ ಅದೇ ಡಿಸ್ಟಿಲರಿಯ ಇನ್ನೊಂದನ್ನು ತರಬಹುದು. ಆದರೆ ಹುಷಾರು. ಒಂದೇ ನೋಮ್ ಅಡಿಯಲ್ಲಿ ಹತ್ತಾರು ಬ್ರ್ಯಾಂಡ್ ಬರಬಹುದು. ಒಂದಕ್ಕೆ ಅಗಾವೆಯನ್ನು ಇಟ್ಟಿಗೆ ಒಲೆಯಲ್ಲಿ ಬೇಯಿಸಿರುತ್ತಾರೆ, ಇನ್ನೊಂದಕ್ಕೆ ಆಟೋಕ್ಲೇವ್, ಅಂದರೆ ದೊಡ್ಡ ಪ್ರೆಶರ್ ಕುಕ್ಕರಿನಂಥದ್ದು, ಬಳಸಿರುತ್ತಾರೆ. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಒಳಗಿನ ಸರಕು ಒಂದೇ ಅಲ್ಲ.

ಪೀಪಾಯಿ ವಿಷಯಕ್ಕೆ ಬರೋಣ. "ರಮ್ ಪೀಪಾಯಿ ಅಂದಮೇಲೆ ಬಣ್ಣ ಇನ್ನೂ ಗಾಢ ಇರಬೇಕಿತ್ತು" ಅಂತ ಇನ್ನೊಬ್ಬರು ಕೆಳಗೆ ಬರೆದಿದ್ದಾರೆ. ಇಲ್ಲ. ಅಮೆರಿಕದ ಕಾನೂನಿನ ಪ್ರಕಾರ ಬೋರ್ಬನ್ ವಿಸ್ಕಿಗೆ ಪ್ರತಿ ಸಲವೂ ಒಳಗೆ ಸುಟ್ಟ ಹೊಚ್ಚ ಹೊಸ ಓಕ್ ಪೀಪಾಯಿಯೇ ಆಗಬೇಕು. ಒಮ್ಮೆ ಬಳಸಿದ ಆ 200 ಲೀಟರಿನ ಪೀಪಾಯಿಗಳೇ ರಮ್ ಮಾಡುವವರ ಕೈಗೆ ಹೋಗುತ್ತವೆ, ಟಕೀಲಾ ಮಾಡುವವರ ಕೈಗೂ ಹೋಗುತ್ತವೆ. ಹಾಗಾಗಿ ರಮ್ ಪೀಪಾಯಿ ಅಂದರೆ ಬಹಳ ಸಲ ಮೊದಲು ಬೋರ್ಬನ್, ಆಮೇಲೆ ರಮ್, ಮೂರನೆಯದಾಗಿ ಟಕೀಲಾ. ಅಷ್ಟು ಹೊತ್ತಿಗೆ ಮರದಲ್ಲಿದ್ದ ವೆನಿಲಾ, ಬಣ್ಣ, ಒಗರು ಎಲ್ಲ ಕಡಿಮೆಯಾಗಿರುತ್ತದೆ. ಮುಖ್ಯವಾಗಿ ಬರುವುದು ಮರ ಹೀರಿಕೊಂಡ ರಮ್ಮೇ. ರೆಪೊಸಾಡೊಗೆ ಓಕ್‌ನಲ್ಲಿ ಕನಿಷ್ಠ ಎರಡು ತಿಂಗಳು ಸಾಕು, ಒಂದು ವರ್ಷ ದಾಟಿದರೆ ಆನ್ಯೆಹೊ ಅನ್ನೋ ಮುಂದಿನ ದರ್ಜೆ. ಇಷ್ಟು ಕಡಿಮೆ ಹೊತ್ತಿನಲ್ಲಿ, ಹಳೇ ಪೀಪಾಯಿಯಲ್ಲಿ ತೆಳು ಹುಲ್ಲಿನ ಬಣ್ಣ ಬಂದಿದ್ದರೆ ಅದೇ ಸರಿಯಾದ ಬಣ್ಣ. ಮೂರು ತಿಂಗಳ ರೆಪೊಸಾಡೊ ಚಹಾದಷ್ಟು ಕಂದು ಇದ್ದರೆ ನನಗೆ ಅನುಮಾನ ಬರುತ್ತದೆ.

ಯಾಕಂದರೆ ಟಕೀಲಾದ ನಿಯಮವೇ ಬೆರಕೆಗೆ ಜಾಗ ಬಿಟ್ಟಿದೆ. ಕ್ಯಾರಮೆಲ್ ಬಣ್ಣ, ಓಕ್ ಸಾರ, ಗ್ಲಿಸರಿನ್, ಸಕ್ಕರೆ ಪಾಕ ಈ ನಾಲ್ಕನ್ನು ತೂಕದಲ್ಲಿ 1% ತನಕ ಬೆರೆಸಬಹುದು, 100% ಅಗಾವೆ ಅಂತ ಬರೆದ ಬಾಟಲಿಗೂ. ಲೇಬಲ್ ಮೇಲೆ ಹೇಳಬೇಕಾಗಿಲ್ಲ. 1% ಅಂದರೆ ಏನು ಮಹಾ ಅನಿಸಬಹುದು. ರುಚಿ ತಿರುಗಿಸಲು ಅಷ್ಟು ಧಾರಾಳ ಸಾಕು. ರಮ್ ಪೀಪಾಯಿ ಅನ್ನೋ ಹೆಸರಿನ ಹಿಂದೆ ಪಾಕ ಅಡಗಿಸೋದು ಸುಲಭ, ಸಿಹಿ ಇದ್ದರೆ ಜನ ಪೀಪಾಯಿಯದ್ದೇ ಅಂದುಕೊಳ್ಳುತ್ತಾರೆ. ನಾನು ಮಾಡೋದು ಇಷ್ಟು. ಖಾಲಿ ಗ್ಲಾಸ್ ತೊಳೆಯದೆ ರಾತ್ರಿ ಹಾಗೇ ಬಿಡುತ್ತೇನೆ. ಬೆಳಗ್ಗೆ ಮೂಸಿದಾಗ ಮರ, ಒಣ ಹುಲ್ಲು, ಅಗಾವೆ ಇದ್ದರೆ ನೆಮ್ಮದಿ. ಬೇಕರಿ ಕ್ರೀಮಿನ ವಾಸನೆ ಹೊಡೆದು ತಳ ಅಂಟಂಟಾಗಿದ್ದರೆ ಆ ಬಾಟಲಿ ಇನ್ನೊಮ್ಮೆ ತರುವುದಿಲ್ಲ. ಇದು ಲ್ಯಾಬ್ ಪರೀಕ್ಷೆ ಅಲ್ಲ, ಇದನ್ನೇ ಹಿಡಿದು ಯಾರ ಮೇಲೂ ಆರೋಪ ಹೊರಿಸಬೇಡಿ. ನಿಮ್ಮ ಖರೀದಿಗೆ ಸಾಕು.

ಲೇಬಲ್‌ನಲ್ಲಿ ಇನ್ನೊಂದು ಕಡೆ ಕಣ್ಣಿಡಿ. ಪೂರ್ತಿ ರಮ್ ಪೀಪಾಯಿಯಲ್ಲೇ ಇಟ್ಟದ್ದೋ, ಬೋರ್ಬನ್ ಪೀಪಾಯಿಯಲ್ಲಿಟ್ಟು ಕೊನೆಯ ಕೆಲವು ವಾರ ಮಾತ್ರ ರಮ್ ಪೀಪಾಯಿಗೆ ಹಾಕಿದ್ದೋ? ಎರಡೂ ಬೇರೆ. ಈ ಎರಡನೇ ಬಗೆಗೆ ಹೆರಾಡುರಾ ಅನ್ನೋ ಟಕೀಲಾ ಬ್ರ್ಯಾಂಡಿನವರು ಒಳ್ಳೆ ದಾರಿ ಹಾಕಿದ್ದರು: 2012ರಲ್ಲಿ ಪೋರ್ಟ್ ವೈನ್, 2013ರಲ್ಲಿ ಕೊನ್ಯಾಕ್ ಬ್ರಾಂದಿ, 2014ರಲ್ಲಿ ಸ್ಕಾಚ್ ಪೀಪಾಯಿಯಲ್ಲಿ ಮುಗಿಸಿದ ರೆಪೊಸಾಡೊ. ಇನ್ನು ಯಾವ ಊರಿನ ರಮ್ ಅನ್ನೋದು. ಜಮೈಕಾದ ಪಾಟ್ ಸ್ಟಿಲ್ (ಹಂಡೆಯಲ್ಲಿ ಭಟ್ಟಿ ಇಳಿಸಿದ) ರಮ್ ಆದರೆ ಕಳಿತ ಬಾಳೆ, ಅನಾನಸ್ ಜೋರಾಗಿ ಬರುತ್ತದೆ. ಗಯಾನಾದ ಡೆಮೆರಾರಾ ಆದರೆ ಕಾಕಂಬಿ, ಒಣದ್ರಾಕ್ಷಿ. ಬಾರ್ಬಡೋಸ್‌ನದ್ದು ಮೆತ್ತಗೆ. ಮಾರ್ಟಿನೀಕ್‌ನ ಅಗ್ರಿಕೋಲ್ ಕಾಕಂಬಿಯಿಂದಲ್ಲ, ನೇರ ಕಬ್ಬಿನ ಹಾಲಿನಿಂದ ಮಾಡುವಂಥದ್ದು. ಅದರ ಹಸಿರು ವಾಸನೆ ಅಗಾವೆಗೆ ಸರಿಯಾಗಿ ಕೂಡುತ್ತದೆ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಒಳ್ಳೆ ಜೋಡಿ. ಊರು ಹೇಳದೆ ಸುಮ್ನೆ "ರಮ್ ಪೀಪಾಯಿ" ಅಂತಷ್ಟೇ ಬರೆದ ಬಾಟಲಿಗೆ ಜಾಸ್ತಿ ದುಡ್ಡು ಕೊಡಬೇಡಿ.

ಬ್ರ್ಯಾಂಡ್ ಕೇಳಿದ್ದೀರಿ. ಅಭ್ಯಾಸಕ್ಕೆ ಫೋರ್ತಾಲೇಸಾ, ಎಲ್ ತೆಸೋರೊ, ಸಿಯೆತೆ ಲೆಗುವಾಸ್, ಈ ಮೂರರಲ್ಲಿ ಒಂದರ ಬ್ಲಾಂಕೊ, ರೆಪೊಸಾಡೊ ಜೋಡಿಯನ್ನು ಮೊದಲು ಚೆನ್ನಾಗಿ ಕುಡಿದು ನೋಡಿ. ಅಗಾವೆ ಅಂದರೇನು ಅಂತ ಮೂಗಿಗೆ ಗೊತ್ತಾಗುತ್ತದೆ. ಹೆರಾಡುರಾ ರೆಪೊಸಾಡೊ 11 ತಿಂಗಳು ಪೀಪಾಯಿಯಲ್ಲಿ ಇರುತ್ತದೆ. ಮರ ಇಷ್ಟ ಇದ್ದವರಿಗೆ ಸರಿ, ಎರಡನೇ ಗ್ಲಾಸಿಗೆ ನನಗೆ ಸ್ವಲ್ಪ ಜಾಸ್ತಿಯೇ. ನಾನಿರುವ ಟೆಕ್ಸಾಸ್‌ನಲ್ಲಿ ಇವು ಸಿಗುತ್ತವೆ. ಊರಲ್ಲಿ ಇರುವವರು ಡ್ಯೂಟಿ ಫ್ರೀ ನೋಡಿ, ಇಲ್ಲ ಬರುವವರ ಕೈಲಿ ತರಿಸಿ. 100% ಅಗಾವೆ ಅಂತ ಬರೆದಿಲ್ಲದಿದ್ದರೆ ಅದು ಮಿಕ್ಸ್ತೊ, 49% ತನಕ ಬೇರೆ ಸಕ್ಕರೆಯಿಂದ ಮಾಡಿದ್ದು. ಅದಕ್ಕೆ ಈ ಮೂರು ಗ್ಲಾಸಿನ ಶ್ರಮ ಬೇಡ.

ಗ್ಲಾಸ್ ವಿಷಯ: ಶಾಟ್ ಗ್ಲಾಸ್ ಎತ್ತಿಡಿ. ವಿಸ್ಕಿಗೆ ಬಳಸುವ, ಬಾಯಿ ಕಿರಿದಾದ ಗ್ಲೆನ್‌ಕೇರ್ನ್ ಗ್ಲಾಸ್ ಇದ್ದರೆ ಅದೇ ಸಾಕು, ಆದರೆ ಅದರಲ್ಲಿ ಮೂಗು ಪೂರ್ತಿ ಇಳಿಸಬೇಡಿ, ಅಂಚಿನ ಮೇಲೆ ಹಿಡಿದು ಬಾಯಿ ಸ್ವಲ್ಪ ತೆರೆದು ಮೂಸಿ. ಪಕ್ಕದಲ್ಲಿ ಊದುಬತ್ತಿ, ಮಸಾಲೆ ಕಡಲೆಬೀಜ, ಒಗ್ಗರಣೆ ಏನೂ ಇರಬಾರದು. ನಂಚಿಕೊಳ್ಳಲು ಬರೀ ಸೌತೆಕಾಯಿ, ಅದೂ ಉಪ್ಪಿಲ್ಲದೆ. ಆಲ್ಕೋಹಾಲ್ ಮೂಗಿಗೆ ಚುಚ್ಚಿದರೆ ಎರಡು ಮೂರು ಹನಿ ನೀರು ಹಾಕಬಹುದು, 40%ಗಿಂತ ಮೇಲಿದ್ದರೆ ಮಾತ್ರ. 38%ನದ್ದಕ್ಕೆ ನೀರು ಹಾಕಿದರೆ ಸಪ್ಪೆ.

ಎರಡು ಲೀಟರಿನ ಪುಟ್ಟ ಪೀಪಾಯಿ ತಂದು, ರಮ್ ತುಂಬಿ ಖಾಲಿ ಮಾಡಿ, ಬ್ಲಾಂಕೊ ಹಾಕುವ ಯೋಚನೆಯಲ್ಲಿ ಇದ್ದಾರಲ್ಲ ಇನ್ನೊಬ್ಬರು, ಅವರಿಗೆ: ಹೊಸ ಪುಟ್ಟ ಪೀಪಾಯಿಯಲ್ಲಿ ಲೀಟರಿಗೆ ತಾಗುವ ಮರ ತುಂಬಾ ಜಾಸ್ತಿ. ಎರಡು ತಿಂಗಳು ಬಿಟ್ಟರೆ ಬರೀ ಒಗರು ಕುಡಿಯುತ್ತೀರಿ. ಮೊದಲು ನೀರು ತುಂಬಿ ಸೋರಿಕೆ ನಿಲ್ಲಿಸಿ. ಆಮೇಲೆ ಅಗ್ಗದ ರಮ್ ಹಾಕಿ ಕೆಲವು ತಿಂಗಳು ಬಿಟ್ಟು ಮರದ ಖಾರ ಇಳಿಸಿ. ಬ್ಲಾಂಕೊ ಹಾಕಿದ ಮೇಲೆ ವಾರ ವಾರ ಒಂದು ಚಮಚ ರುಚಿ ನೋಡಿ. ಸಾಕು ಅನಿಸುವ ಸ್ವಲ್ಪ ಮುಂಚೆಯೇ ಗಾಜಿನ ಬಾಟಲಿಗೆ ಇಳಿಸಿಬಿಡಿ.

ಮೊದಲ ಗೆಳೆಯರೇ, ಅರ್ಧ ಉಳಿದಿರುವ ಆ ಬಾಟಲಿಯನ್ನು ಮಾರ್ಗರಿಟಾ ಕಾಕ್‌ಟೇಲ್‌ಗೆ ಸುರಿಯಬೇಡಿ. ಫ್ರೀಜರ್‌ನಿಂದ ತೆಗೆದು, ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಹಿಂಬದಿ ಲೇಬಲ್‌ನ ಫೋಟೊ ಹಾಕಿ, ನೋಮ್ ಸಂಖ್ಯೆ ಕಾಣುವ ಹಾಗೆ. ಪಕ್ಕದಲ್ಲಿ ಇಡಲು ಯಾವ ಬ್ಲಾಂಕೊ ಆಗುತ್ತದೆ ಅಂತ ನೋಡಿ ಹೇಳುತ್ತೇನೆ.